ಸೋಮವಾರದ ಸೂಜಿ

ಅವ್ವಾ,

ತಡಸದಾಚೆಯ ಈ ಕಾಡಂಚಿನ ಹಳ್ಳಿಯಲ್ಲಿ ಮೊಬೈಲಿಗೆ ಟವರ್ ಸಿಗುವುದಿಲ್ಲ, ಅದಕ್ಕೇ ಕಾರ್ಡು. ದನಗಳಿಗೆ ಲಸಿಕೆ ಹಾಕುವ ನಮಗೆಲ್ಲ ಅಂಗೈಯಗಲದ ಒಂದೊಂದು ಯಂತ್ರ ಕೊಟ್ಟಿದ್ದಾರೆ. ಟವರ್ ಇಲ್ಲದೆಯೂ ಅವು ಒಂದರೊಡನೊಂದು ನೇರ ಮಾತಾಡುತ್ತವೆ. ಪಕ್ಕದೂರಿಗೆ ಚರ್ಮಗಂಟು ರೋಗ ಬಂದಿದೆಯೆಂದು ಬೆಳಿಗ್ಗೆ ನನ್ನ ಯಂತ್ರ ಕೆಂಪು ಗುರುತು ತೋರಿಸಿ, ಈ ಊರಿಗೆ ಇವತ್ತೇ ಲಸಿಕೆ ಹಾಕಿ ಎಂದಿತು.

ಊರ ಹಿರಿಯ ಪರಮೇಶಪ್ಪ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. "ಸೋಮವಾರ ಎತ್ತಿನ ಹೆಗಲಿಗೆ ನೊಗಾನ ಇಡಂಗಿಲ್ಲ, ನೀವು ಸೂಜಿ ಚುಚ್ಚತೀರೇನು? ನಾಳಿ ಬರ್ರಿ."

ನಾಳೆ ಎತ್ತುಗಳೆಲ್ಲ ಹೊಲಗಳಲ್ಲಿ ಚದುರಿರುತ್ತವೆ. ಯಂತ್ರದ ಕೆಂಪು ಗುರುತನ್ನು ನಾನು ತೋರಿಸಿದರೂ ಅವರು ನೋಡಲಿಲ್ಲ. ನಾನೂ ಬಿಡಲಿಲ್ಲ. ಪಕ್ಕದೂರಿನಲ್ಲಿ ಕೆಲಸಕ್ಕಿದ್ದ ನಮ್ಮ ತಂಡದ ಶಾಹಬಾಜನಿಗೆ ಯಂತ್ರದಲ್ಲೇ ಹೇಳಿ, ಅಲ್ಲಿರುವ ಪರಮೇಶಪ್ಪನವರ ಬೀಗರನ್ನೇ ಅವನ ಯಂತ್ರದ ಮುಂದೆ ಕೂರಿಸಿದೆ.

"ಬೀಗರ, ನನ್ನ ಎತ್ತು ಮೇವು ಮುಟ್ಟವಲ್ದು. ನಾಳಿ ಅನಬ್ಯಾಡ್ರಿ," ಎಂದು ನನ್ನ ಯಂತ್ರದಿಂದ ಬೀಗರ ದನಿ ಬಂತು.

ಪರಮೇಶಪ್ಪ ಎತ್ತಿನ ಪಾದ ಮುಟ್ಟಿ ನಮಸ್ಕರಿಸಿ, ತಾವೇ ಹಗ್ಗ ಹಿಡಿದರು. ಸಂಜೆಯೊಳಗೆ ಊರೆಲ್ಲ ಮುಗಿಸಿದೆವು.

ನನ್ನ ನೆಗಡಿ ವಾಸಿಯಾಗಿದೆ. ನಮ್ಮೂರು ರಟ್ಟೀಹಳ್ಳಿಗೂ ಲಸಿಕೆಯವರು ಬರುತ್ತಾರೆ. ಅಪ್ಪನೂ "ನಾಳಿ ಬರ್ರಿ" ಅಂದರೆ ಈ ಕಾರ್ಡನ್ನು ಗಟ್ಟಿಯಾಗಿ ಓದು. ಮಗಳ ಮಾತು ಕೇಳದವರು ಬೀಗರ ಮಾತು ಕೇಳುತ್ತಾರೆ.

ತನುಜಾ