ಗಿಡ್ಡ ಸ್ಪ್ರಿಂಗು ಮತ್ತು ಹುರುಳಿ

ಜನವರಿ ೧೮, ಗುರುವಾರ

ಮೈ ಇನ್ನೂ ಉರಿಯುತ್ತಿದೆ. ಚೆಂದ ಕಾಣಲೆಂದು ಕಾರಿನ ಎತ್ತರ ತಗ್ಗಿಸಲು ಎಷ್ಟು ತಿಂಗಳು ತಲೆ ಕೆಡಿಸಿಕೊಂಡೆ! ಇರುವ ಸ್ಪ್ರಿಂಗನ್ನೇ ಕತ್ತರಿಸುವುದು ಅಪಾಯವೆಂದು ಗಿಡ್ಡ ಸ್ಪ್ರಿಂಗ್, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್ ಆರಿಸಿ ತರಿಸಿದೆ. ಇಂದು ಗದಗದಲ್ಲಿ ಅವನ್ನು ಕೂರಿಸುವಾಗ ಮೆಕ್ಯಾನಿಕ್ ಮಾಶಾಕ ಕೇಳಿದ, “ದಿನಾ ಎಂಥಾ ರಸ್ತೇದಾಗ ಅಡ್ಡಾಡ್ತೀರಿ ಸರ?”

“ನಮ್ಮೂರು ಯಳವತ್ತಿತನಕ ಡಾಂಬರ ಐತಿ, ನೀ ಸುಮ್ಮನ ಹಾಕು” ಎಂದು ಗದರಿದೆ.

ಊರ ಹತ್ತಿರ ಅದೇ ಡಾಂಬರಿನ ಮೇಲೆ, ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡಲೆಂದು, ಹುರುಳಿ ಹಾಸಿತ್ತು. ಬಸ್ಸು ದಾಟಿತು, ಟ್ರ್ಯಾಕ್ಟರ್ ದಾಟಿತು. ನನ್ನ ಕಾರು ಮಾತ್ರ ಅರ್ಧ ಹುರುಳಿಯನ್ನು ಹೊಟ್ಟೆಯಡಿ ಗುಡಿಸಿಕೊಂಡು ಹೋಗಿ ನಿಂತಿತು. ಅವ್ವ ಕೋಲು ಹಿಡಿದು ಓಡಿಬಂದಳು. “ಒಕ್ಕಾಕ ಹಾಕೇವಿ, ಕಸಾ ಹೊಡ್ಯಾಕಲ್ಲೋ!”

ಮಂದಿ ನಕ್ಕರು. ರಸ್ತೆಯಲ್ಲಿ ಬೆಳೆ ಹಾಸುವವರಿಗೆ ಬಾಯಿಗೆ ಬಂದಂತೆ ಬೈಯೋಣವೆಂದರೆ, ಬೆಳಿಗ್ಗೆ ಅದನ್ನು ಹಾಸಿ ಹೋದವನೂ ನಾನೇ.