ಗುಂಯ್ ಎನ್ನದ ಗಿಟಾರ್

ಅಕ್ಟೋಬರ್ ೪, ಶನಿವಾರ

ಇವತ್ತೂ ಕೇಬಲ್ ಸುತ್ತಿದ್ದೇ ಸುತ್ತಿದ್ದು. ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ. ಹಾಗೆ ಸುತ್ತಿದರೆ ಎಸೆದಾಗ ಗಂಟು ಬೀಳುವುದಿಲ್ಲ. ಇದು ಬಾರದೆ ನಮ್ಮ ಮ್ಯೂಸಿಕ್ ಕ್ಲಬ್ಬಿನಲ್ಲಿ ಫಸ್ಟ್ ಇಯರ್‌ನವರು ಆಂಪ್, ಅಂದರೆ ಆಂಪ್ಲಿಫೈಯರ್, ಮುಟ್ಟುವಂತಿಲ್ಲ. ನನಗೆ ಮೇ ತಿಂಗಳಲ್ಲೇ ಬಂತು. ಆದರೂ ಓಮಾಗಾರಿ-ಸಾನ್ ಎದುರು ನಿಂತರೆ ಕೈ ತಪ್ಪುತ್ತದೆ. ಥರ್ಡ್ ಇಯರ್, ಸೌಂಡ್ ಡೆಸ್ಕ್ ಅವರ ಕೈಯಲ್ಲಿ. ಸಾನ್ ಅಂದರೆ ಮರ್ಯಾದೆಯ ಬಾಲ, ಸೀನಿಯರ್ ಹೆಸರಿಗೆ ಸೇರಿಸಲೇಬೇಕು. ಮಾತು ಕಡಿಮೆ, ನೋಟ ಜಾಸ್ತಿ.

"ಏ ಗಡ್ಡ, ಅದೇನು ಕೇಬಲ್ಲಾ, ನೂಡಲ್ಸಾ?"

ಗಡ್ಡ ಅಂದರೆ ನಾನು. ಅಪ್ಪನ ಇಂಗ್ಲಿಷ್ ಸರ್‌ನೇಮ್ ಹಿಗಿನ್‌ಬಾಟಮ್. ಏಪ್ರಿಲ್‌ನಲ್ಲಿ ಹಾಜರಿ ಕರೆಯುವಾಗ ಅರ್ಧ ದಾರಿಗೇ ಎಲ್ಲರ ಉಸಿರು ಕಟ್ಟಿತು. ಮೊದಲೆರಡು ಅಕ್ಷರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಹಿಗಿ ಬಾಯಲ್ಲಿ ಜಾರಿ ಹಿಗೆ. ಜಪಾನಿ ಮಾತಿನಲ್ಲಿ ಗಡ್ಡ. ಅಮ್ಮ ಇಟ್ಟ ಚಿಸೆ ಎಂಬ ಹೆಸರಿನಿಂದ ತೊಮೊಯೆ ಒಬ್ಬಳೇ ಕರೆಯುವುದು. ನಮ್ಮ ಬ್ಯಾಂಡಿನ ಬೇಸ್ ಗಿಟಾರ್ ಅವಳದ್ದು.

ಕಾಲೇಜು ಹಬ್ಬದ ಪಟ್ಟಿ ಹಾಕಿದರು. ನವೆಂಬರ್ ೨, ಭಾನುವಾರ, ಮಧ್ಯಾಹ್ನ. ಫಸ್ಟ್ ಇಯರ್ ಬ್ಯಾಂಡ್ ನಮ್ಮದೊಂದೇ. ಕೆಳಗೆ ಓಮಾಗಾರಿ-ಸಾನ್ ಕೈಬರಹ: ರಿಹರ್ಸಲ್‌ನಲ್ಲಿ ಪಾಸಾಗದ ವಾದ್ಯ ಸ್ಟೇಜ್ ಹತ್ತುವುದಿಲ್ಲ. ಅಂಥವರಿಗೆ ಟೊಮಾಟೊ ಇದೆ.

ಟೊಮಾಟೊ ಕ್ಲಬ್ಬಿನ ಕೆಂಪು ಗಿಟಾರ್. ಎಲ್ಲರ ಕೈಯ ಬೆವರೂ ಅದಕ್ಕೆ ಗೊತ್ತು. ಬೇಡ. ನನಗೆ ನನ್ನದೇ ಬೇಕು.

ಅಕ್ಟೋಬರ್ ೫

ನನ್ನದು. ಈ ಪದ ಬರೆಯಲು ಎಷ್ಟು ಖುಷಿ. ಇಂಗ್ಲಿಷ್ ಹಾಸ್ಟೆಲ್ ಸ್ಕೂಲಿನಲ್ಲಿ ಹನ್ನೆರಡು ವರ್ಷ... ಮಂಚ ಸ್ಕೂಲಿನದು, ಪಿಯಾನೊ ಸ್ಕೂಲಿನದು, ಬಲ್ಬ್ ಹೋದರೆ ಬದಲಿಸುವವರೂ ಸ್ಕೂಲಿನವರು. ನಾನು ಏನನ್ನೂ ರಿಪೇರಿ ಮಾಡಿದವಳಲ್ಲ. ಮುರಿದವಳೂ ಅಲ್ಲ.

ಬೇಸಿಗೆಯೆಲ್ಲ ಸೋಬಾ ನೂಡಲ್ಸ್ ಅಂಗಡಿಯಲ್ಲಿ ತಟ್ಟೆ ತೊಳೆದು ಕೊಂಡದ್ದು. ಈ ಊರಲ್ಲೇ ಮಾಡಿದ ಗಿಟಾರ್. ಮರ ಚೆನ್ನಾಗಿದೆ, ಕುತ್ತಿಗೆ ನನ್ನ ಚಿಕ್ಕ ಕೈಗೆ ಕೂರುತ್ತದೆ. ಪ್ಲಗ್ ಹಾಕದೆ ನುಡಿಸಿದರೆ ಗಂಟೆ ಹೊಡೆದ ಹಾಗೆ. ಪ್ಲಗ್ ಹಾಕಿದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ. ವಾಲ್ಯೂಮ್ ತಿರುಗಿಸಿದರೆ ಗರಗರ. ಸುಮ್ಮನಿದ್ದಾಗ ಗುಂಯ್.

ಆ ಗುಂಯ್ ಯಾವ ಸ್ವರ ಎಂದು ನನಗೆ ಗೊತ್ತು. ಪಿಯಾನೊ ಕಿವಿ. ಯೊಕೊಹಾಮಾದ ಹಾಸ್ಟೆಲಿನ ಫ್ರಿಜ್ ಜಿ ಸ್ವರದಲ್ಲಿ ಗುನುಗುತ್ತಿತ್ತು. ಇಲ್ಲಿ ಮಾತ್ಸುಮೊತೊದಲ್ಲಿ ಕರೆಂಟೇ ಬೇರೆ ಲಯದ್ದು. ಫ್ರಿಜ್ಜೂ ಆಂಪೂ ಬಿ ಸ್ವರಕ್ಕಿಂತ ತುಸು ಕೆಳಗೆ ಹಾಡುತ್ತವೆ. ಬಂದ ಮೊದಲ ವಾರ ನಿದ್ದೆಯೇ ಬರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಗಡ್ಡಕ್ಕೆ ಇನ್ನೊಂದು ಹೆಸರು ಸೇರುವುದು ಬೇಡ.

ತೀರ್ಮಾನ: ಒಳಗಿನದೆಲ್ಲ ಬದಲಿಸುವುದು. ಎರಡು ಪಿಕಪ್, ವಾಲ್ಯೂಮ್, ಟೋನ್, ಸ್ವಿಚ್, ವೈರು. ನಾನೇ.

ಅಕ್ಟೋಬರ್ ೮

ಅಮ್ಮನ ಫೋನ್.

"ಹೊಸಾ ಗಿಟಾರ್ ಅಲ್ವೇನೇ ಅದು?"

"ಹೌದು."

"ಹೊಸದನ್ನ ಯಾಕೆ ಬಿಚ್ತೀಯ? ಕೆಟ್ಟಿದ್ರೆ ಅಂಗಡಿಗೆ ಕೊಡು."

"ಕೆಟ್ಟಿಲ್ಲ ಅಮ್ಮಾ. ಇನ್ನೂ ಚೆನ್ನಾಗಿ ಮಾಡ್ಬೇಕು."

"ನಿಂಗೆ ಸೂಜಿಗೆ ದಾರ ಪೋಣಿಸಕ್ಕೆ ಬರಲ್ಲ!"

ನಿಜ. ಬರುವುದಿಲ್ಲ.

ಅಕ್ಟೋಬರ್ ೧೨

ಪಿಕಪ್ ಅಂದರೆ ಇಷ್ಟೇ: ಆರು ಅಯಸ್ಕಾಂತದ ಕಡ್ಡಿ, ಅದಕ್ಕೆ ಕೂದಲಿಗಿಂತ ಸಪೂರ ತಂತಿಯ ಸಾವಿರಾರು ಸುತ್ತು. ಮೇಲೆ ಗಿಟಾರಿನ ತಂತಿ ಅದುರಿದರೆ ಇದರೊಳಗೆ ಕರೆಂಟ್ ಹುಟ್ಟುತ್ತದೆ. ಗಿಟಾರಿನಲ್ಲಿ ಇವು ಎರಡು. ಹಿಂದಿನದು ಚುರುಕು; ಮುಂದಿನದು, ಕುತ್ತಿಗೆ ಕಡೆಯದು, ಮೆದು. ಸ್ವಿಚ್ ನಡುವೆ ಇಟ್ಟರೆ ಎರಡೂ ಸೇರಿ. ನಮ್ಮ ಹಾಡು ಶುರುವಾಗುವುದೇ ಆ ನಡುವಿನ ಸ್ವಿಚ್ಚಿನಲ್ಲಿ. ಡ್ರಮ್ ಇಲ್ಲ, ಬೇಸ್ ಇಲ್ಲ, ನಾನೊಬ್ಬಳೇ.

ಹಿಂದಿನದಕ್ಕೆ ಊರಾಚೆಯ ವರ್ಕ್‌ಶಾಪಿನಲ್ಲಿ ಕೈಯಿಂದ ಸುತ್ತಿದ ಪಿಕಪ್ ತಂದೆ. ಮುಂದಿನದು, ತಲೆಗೆ ತಗಡಿನ ಟೋಪಿ ಹಾಕಿದ್ದು, ಒಸಾಕಾದಿಂದ ಅಂಚೆಯಲ್ಲಿ. ಒಂದೊಂದಕ್ಕೂ ಎಷ್ಟು ಹುಡುಕಿದ್ದೇನೆ! ಎರಡೂ ದಿ ಬೆಸ್ಟ್.

ಅಕ್ಟೋಬರ್ ೧೮, ಶನಿವಾರ, ಬೆಳಿಗ್ಗೆ

ಡಾರ್ಮ್‌ನಲ್ಲಿ ಬೆಸುಗೆ ಹಾಕುವಂತಿಲ್ಲ, ಹೊಗೆಗೆ ಅಲಾರಂ ಕೂಗುತ್ತದೆ. ತೊಮೊಯೆಯ ರೂಮಿಗೆ ಹೋದೆ. ಅವಳು ನೆಲಕ್ಕೆಲ್ಲ ಹಳೇ ಪೇಪರ್ ಹಾಸಿ, ಕಿಟಕಿ ತೆರೆದು, ಬಾಗಿಲಲ್ಲಿ ಬಕೆಟ್ ನೀರು ಇಟ್ಟುಕೊಂಡು ಕೂತಿದ್ದಳು.

"ಅದ್ಯಾಕೇ ನೀರು?"

"ನಿನ್ನ ನಂಬ್ಕೊಂಡು ಕೂರೋಕಾಗತ್ತಾ?"

ಮೊದಲು ಹಳೇ ರೇಡಿಯೊದ ಬೋರ್ಡಿನ ಮೇಲೆ ಪ್ರಾಕ್ಟೀಸ್. ಹಾಕಿದ ಬೆಸುಗೆಗಳೆಲ್ಲ ಮಂಕಾಗಿ, ಅಗಿದು ಉಗಿದ ಗಮ್ ಹಾಗೆ. ಎಳೆದರೆ ಕಿತ್ತು ಬರುತ್ತವೆ. ಆಮೇಲೆ ತಿಳಿಯಿತು, ಸೀಸ ಕರಗಿಸಿ ಮೇಲೆ ಸುರಿಯುವುದಲ್ಲ. ಕೆಳಗಿನ ಲೋಹವನ್ನೇ ಕಾಯಿಸಬೇಕು, ಸೀಸ ತಾನಾಗಿ ಓಡಿಬರುತ್ತದೆ. ಒಂದು ಬಂತು. ಹೊಳೆಯಿತು! ತೊಮೊಯೆಯನ್ನು ಕರೆದು ತೋರಿಸಿದೆ.

"ಇಷ್ಟೇನಾ?"

"ಇಷ್ಟೇ."

"ಚೆಂದ ಇದೆ ಕಣೇ," ಎಂದಳು. ಬಕೆಟ್ ಮಾತ್ರ ಎತ್ತಿಡಲಿಲ್ಲ.

ಅದೇ ದಿನ, ಸಂಜೆ

ಆಯಿತು. ಎಲ್ಲ ಕೂತಿತು. ತೊಮೊಯೆಯ ಮೊಣಕೈಯಷ್ಟಿರುವ ಪುಟ್ಟ ಆಂಪಿಗೆ ಹಾಕಿದೆ. ಕಂಬಳಿ ಹೋಯಿತು! ಹಿಂದಿನ ಪಿಕಪ್ — ಗಾಜು. ಮುಂದಿನದು — ಬೆಣ್ಣೆ. ಸ್ವಿಚ್ ನಡುವೆ ಇಟ್ಟರೆ ಸಣಕಲು, ಮೂಗಿನಿಂದ ಹಾಡಿದ ಹಾಗೆ, ಹಳೇ ರೇಡಿಯೊದ ಹಾಗೆ. ಅದೂ ಒಂಥರಾ ಸ್ಟೈಲಿಶ್. ಗುಂಯ್ ಮಾತ್ರ ಇದೆ. ಇರಲಿ, ಇಂಥ ಪಿಕಪ್ಪಿಗೆ ಅದು ಇರುವುದೇ.

ನಾನು ಮಾಡಿದ್ದು. ಈ ಕೈ. ತೋರುಬೆರಳಲ್ಲಿ ಸುಟ್ಟ ಬೊಬ್ಬೆ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ, ಗಿಟಾರಿನದಲ್ಲ, ಬೊಬ್ಬೆಯದು. ಅಪ್ಪ: "ಪ್ರೌಡ್ ಆಫ್ ಯೂ. ಐಸ್ ಇಡು."

ಅಕ್ಟೋಬರ್ ೩೦, ಗುರುವಾರ

ಬರೆಯುವುದು ಬೇಡ ಎಂದುಕೊಂಡಿದ್ದೆ.

ರಿಹರ್ಸಲ್. ದೊಡ್ಡ ಆಂಪ್, ಕಾಲೇಜ್ ಹಾಲ್‌ನ ಸ್ಪೀಕರ್. ಹಾಡಿನ ಶುರುವಿಗೆ ಸ್ವಿಚ್ ನಡುವೆ. ನುಡಿಸಿದೆ. ಸೊಳ್ಳೆ. ಅಷ್ಟು ದೊಡ್ಡ ಸ್ಪೀಕರಿನಿಂದ ಒಂದು ಸೊಳ್ಳೆ ಬಂತು. ಸ್ಟೈಲಿಶ್ ಎಂದುಕೊಂಡದ್ದು ಹಾಲಿನಲ್ಲಿ ಬರೀ ಸಣಕಲು. ಡ್ರಮ್, ಬೇಸ್ ಸೇರಿದ ಮೇಲೆ ಅದೂ ಇಲ್ಲ. ನನ್ನ ಬೆರಳು ಓಡುತ್ತಿದೆ, ನಾನೇ ಇಲ್ಲ. ಗುಂಯ್ ಮಾತ್ರ ಜೋರಾಗಿ, ನಿಯತ್ತಾಗಿ, ಬಿ ಸ್ವರಕ್ಕಿಂತ ತುಸು ಕೆಳಗೆ.

ಓಮಾಗಾರಿ-ಸಾನ್ ಡೆಸ್ಕಿನಿಂದಲೇ ಕೈ ಎತ್ತಿ ನಿಲ್ಲಿಸಿದರು.

"ಗಡ್ಡ, ಒಳಗೇನಾದ್ರೂ ಬಿಚ್ಚಿದ್ಯಾ?"

"ಬಿಚ್ಚಿದೆ... ಬಿಚ್ಚಿದ್ದೇನೆ. ರೀ." ಗಾಬರಿಯಲ್ಲಿ ಮರ್ಯಾದೆಯ ಮಾತು ತಪ್ಪು ಜಾಗಕ್ಕೆ ಬಿತ್ತು. ಇಂಗ್ಲಿಷಿನಲ್ಲೇ ಓದಿದ ನನಗೆ ಇಲ್ಲಿಯ ನೀನು-ನೀವು ಇನ್ನೂ ಬಾಯಿಗೆ ಕೂತಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಏಪ್ರಿಲ್‌ನಲ್ಲಿ ಇವರಿಗೇ "ನೀನು ಆ ಕೇಬಲ್ ಕೊಡು" ಎಂದಿದ್ದವಳು ನಾನು. ಅದನ್ನು ಯಾರೂ ಮರೆತಿಲ್ಲ.

"ಹಬ್ಬದ ಮುಂಚೆ ಯಾರಾದ್ರೂ ಗಿಟಾರ್ ಬಿಚ್ತಾರಾ? ಟೊಮಾಟೊ ತಗೋ."

"ನಾಳೆ ಒಂದ್ಸಲ ನೋಡ್ತೀರಾ? ಪ್ಲೀಸ್."

ಆ ನೋಟ. ಆಮೇಲೆ: "ಮೂರು ಗಂಟೆಗೆ ಡೆಸ್ಕ್ ಪ್ಯಾಕ್ ಮಾಡ್ತೀನಿ. ಅಷ್ಟರೊಳಗೆ."

ಕ್ಲಬ್ಬಿನ ಟಾಯ್ಲೆಟ್‌ನಲ್ಲಿ ಸ್ವಲ್ಪ ಹೊತ್ತು ಕೂತೆ. ಹೊಸದನ್ನ ಯಾಕೆ ಬಿಚ್ತೀಯ, ಹೊಸದನ್ನ ಯಾಕೆ ಬಿಚ್ತೀಯ. ಹೊರಗೆ ಬಂದರೆ ತೊಮೊಯೆ ಗಿಟಾರ್ ಹೊತ್ತು ನಿಂತಿದ್ದಾಳೆ.

"ಬೆಳಿಗ್ಗೆ ಬೇಗ ಬಾ. ಬಕೆಟ್ ಇಡಲ್ಲ."

ಅಕ್ಟೋಬರ್ ೩೧, ಶುಕ್ರವಾರ, ಮಧ್ಯಾಹ್ನ ೧:೩೦

ಮುಂದಿನದಕ್ಕೆ ಕೈ ಹಾಕುವ ಮುಂಚೆ ಬರೆಯುತ್ತಿದ್ದೇನೆ.

ಕ್ಲಾಸ್ ಬಂಕ್. ಮೊದಲ ಸಲ. ತೊಮೊಯೆ ಅವರಪ್ಪನ ಹಳೇ ಮೀಟರ್ ಹುಡುಕಿ ತೆಗೆದಳು, ಮುಳ್ಳು ಓಡಾಡುವಂಥದ್ದು. ಪಿಕಪ್ಪಿನ ಎರಡು ವೈರಿಗೆ ಸಿಕ್ಕಿಸಿದೆ. ಸ್ಕ್ರೂಡ್ರೈವರನ್ನು ಅಯಸ್ಕಾಂತಕ್ಕೆ ಅಂಟಿಸಿ ಫಟ್ಟನೆ ಎಳೆದರೆ ಮುಳ್ಳು ಕುಪ್ಪಳಿಸುತ್ತದೆ. ಹಿಂದಿನ ಪಿಕಪ್: ಬಲಕ್ಕೆ. ಮುಂದಿನದು:

"ಎಡಕ್ಕೆ ಹೋಯ್ತು," ಎಂದಳು ತೊಮೊಯೆ.

ಮತ್ತೆ ಮಾಡಿದೆ. ಎಡಕ್ಕೇ.

ಹಾಗಾದರೆ ಇದೇ. ಎರಡರ ಅಯಸ್ಕಾಂತ ಒಂದಕ್ಕೊಂದು ಉಲ್ಟಾ. ಇದರದ್ದು ಉತ್ತರ ಮೇಲೆ, ಅದರದ್ದು ದಕ್ಷಿಣ ಮೇಲೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಒಂದರ ದನಿಯನ್ನು ಇನ್ನೊಂದು ತಿನ್ನುತ್ತದೆ. ಬೇರೆ ಬೇರೆ ಕಡೆಯಿಂದ ದಿ ಬೆಸ್ಟ್ ಆರಿಸಿದೆ. ಇಬ್ಬರೂ ಒಟ್ಟಿಗೆ ಹಾಡಬೇಕು ಎಂಬುದೇ ತಲೆಗೆ ಬರಲಿಲ್ಲ.

ಉಪಾಯ ಸುಲಭ. ಮುಂದಿನ ಪಿಕಪ್ಪಿನ ಎರಡು ವೈರು ಅದಲು ಬದಲು. ಮಾಡಿದೆ. ದನಿ ತುಂಬಿ ಬಂತು! ಕುಣಿದೆವು. ಆಮೇಲೆ ತಗಡಿನ ಟೋಪಿಗೆ ಬೆರಳು ತಾಗಿತು. ಬರ್‌ರ್‌ರ್ ಎಂದು ಕಿರುಚಿತು.

ಟೋಪಿ ಒಳಗಿನಿಂದ ಆ ಎರಡರಲ್ಲಿ ಒಂದು ವೈರಿಗೆ ಬೆಸೆದುಕೊಂಡಿದೆ. ಮೊದಲು ಅದು ನೆಲದ ವೈರು, ಅಂದರೆ ಅರ್ತಿಂಗ್; ಈಗ ದನಿ ಹೊರುವ ವೈರು. ನುಡಿಸುವಾಗ ನನ್ನ ಕಿರುಬೆರಳು ಅಲ್ಲೇ ಊರುತ್ತದೆ. ಆ ಸಣ್ಣ ಕೊಂಡಿ ಕತ್ತರಿಸಿ, ಟೋಪಿಗೆ ಬೇರೆಯೇ ನೆಲದ ವೈರು ಕೊಡಬೇಕು. ಕೊಂಡಿಯ ಪಕ್ಕದಲ್ಲೇ, ಅಕ್ಕಿಕಾಳಿನಷ್ಟು ದೂರದಲ್ಲಿ, ಆ ಕೂದಲಿನಂಥ ತಂತಿ. ಅದು ಕಡಿದರೆ ಪಿಕಪ್ ಸತ್ತಂತೆ. ಇನ್ನೊಂದು ಇಲ್ಲ.

"ಅಂಗಡಿಗೆ ಕೊಡೋಣ್ವಾ?" ಎಂದಳು ತೊಮೊಯೆ. ಮೆಲ್ಲಗೆ. ಅಣಕಿಸಲು ಅಲ್ಲ.

ಕೊಡಬಹುದು. ಅಂಗಡಿಯವರು ಸೋಮವಾರ ಕೊಡುತ್ತಾರೆ. ಹಬ್ಬ ಭಾನುವಾರ.

ಕಟ್ಟರ್ ನನ್ನ ಮುಂದೆ ಇದೆ.

ಅದೇ ದಿನ, ಸಂಜೆ ೫

ಮೊದಲಿನಿಂದ ಬರೆಯುತ್ತೇನೆ. ಒಂದೂ ಬಿಡಬಾರದು.

ಕತ್ತರಿಸಿದೆ. ಉಸಿರು ಹಿಡಿದದ್ದು ನಾನಲ್ಲ, ತೊಮೊಯೆ. ಮೀಟರ್ ಹಿಡಿದೆವು. ಮುಳ್ಳು ಕುಪ್ಪಳಿಸಿತು. ಬಲಕ್ಕೆ! ಬದುಕಿದೆ. ಟೋಪಿಗೆ ಹೊಸ ವೈರು, ಒಂದೇ ಸಲಕ್ಕೆ ಹೊಳೆಯುವ ಬೆಸುಗೆ. ಆಂಪಿಗೆ ಹಾಕಿ ನೋಡುವಷ್ಟು ಹೊತ್ತಿರಲಿಲ್ಲ. ತಂತಿ ಬಿಗಿದು ಸೈಕಲ್ ಹತ್ತಿದೆವು.

ಹಾಲಿನಲ್ಲಿ ಓಮಾಗಾರಿ-ಸಾನ್ ಆಗಲೇ ಡೆಸ್ಕಿಗೆ ಬಟ್ಟೆ ಹೊದಿಸುತ್ತಿದ್ದರು. ನನ್ನನ್ನು ನೋಡಿ ಬಟ್ಟೆ ತೆಗೆದರು. ಟೊಮಾಟೊವನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿಟ್ಟಿದ್ದರು, ನನಗಾಗಿಯೇ. ಕೇಬಲ್ ಸಿಕ್ಕಿಸಿದೆ. ಸ್ವಿಚ್ ನಡುವೆ. ವಾಲ್ಯೂಮ್ ಪೂರ್ತಿ.

ಏನೂ ಇಲ್ಲ.

ನಿಶ್ಶಬ್ದ. ಹಾಲಿನ ಆ ತುದಿಯ ಗಡಿಯಾರ ಕೇಳುತ್ತಿತ್ತು. ಪಿಕಪ್ ಸತ್ತಿತು ಎಂದುಕೊಂಡೆ.

"ಆನ್ ಮಾಡಿದ್ಯಾ?" ಡೆಸ್ಕಿನಿಂದ.

"ಆನ್ ಇದೆ."

"ಸುಳ್ಳು. ಗುಂಯ್ ಅಂತಿಲ್ಲ. ಕೇಬಲ್ ಹೋಗಿದೆ, ಬದಲಾಯಿಸು."

ಬದಲಾಯಿಸಿದೆ. ಆಗಲೂ ನಿಶ್ಶಬ್ದ. ಅವರೇ ಎದ್ದು ಬಂದು ಆಂಪಿನ ದೀಪ ನೋಡಿದರು. ದೀಪ ಉರಿಯುತ್ತಿದೆ. ಆಂಪಿಗೆ ಕಿವಿ ಆನಿಸಿದರು. ಅಷ್ಟರಲ್ಲಿ ಏನು ಮಾಡಬೇಕೋ ತಿಳಿಯದೆ, ಸುಮ್ಮನೆ, ಹಾಡಿನ ಮೊದಲ ಕಾರ್ಡ್, ಆರೂ ತಂತಿ ಒಟ್ಟಿಗೆ, ನುಡಿಸಿಬಿಟ್ಟೆ.

ಇಡೀ ಹಾಲ್ ದನಿಯಿಂದ ತುಂಬಿತು. ಓಮಾಗಾರಿ-ಸಾನ್ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಹಾರಿದರು. ತೊಮೊಯೆ ನೆಲದಲ್ಲಿ ಕೂತು ನಗುತ್ತಿದ್ದಾಳೆ. ನಾನು "ಸಾರಿ ಸಾರಿ ಸಾರಿ" ಎನ್ನುತ್ತಿದ್ದೇನೆ. ಕಾರ್ಡ್ ಮಾತ್ರ ಸಾಯುತ್ತಲೇ ಇಲ್ಲ, ಗಂಟೆ ಹೊಡೆದ ಹಾಗೆ, ಪ್ಲಗ್ ಹಾಕದೆ ನುಡಿಸಿದಾಗ ಕೇಳುತ್ತಿತ್ತಲ್ಲ, ಅದೇ. ಕೊನೆಗೆ ಇಳಿದು ಇಳಿದು ನಿಂತಿತು. ಮತ್ತೆ ಗಡಿಯಾರ.

"ಸ್ವಿಚ್ ಹಿಂದಕ್ಕೆ ಹಾಕು," ಎಂದರು. ಹಾಕಿದೆ. ಗುಂಯ್. "ನಡುವೆ." ಇಲ್ಲ. "ಮುಂದೆ." ಗುಂಯ್. "ನಡುವೆ." ಇಲ್ಲ.

ಆಗ ನನಗೆ ಹೊಳೆಯಿತು. ಹೊಳೆದದ್ದನ್ನು ಬಾಯಲ್ಲೂ ಹೇಳಿದೆ, ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಓಡಿಸಿ ನೋಡದೆ. "ಅಯಸ್ಕಾಂತ ಉಲ್ಟಾ ಇದೆ, ಈಗ ವೈರೂ ಉಲ್ಟಾ. ಎರಡು ಉಲ್ಟಾ ಸೇರಿ ತಂತಿಯ ದನಿ ಒಂದಾಗತ್ತೆ. ಗುಂಯ್ ಅಯಸ್ಕಾಂತದಿಂದ ಬರಲ್ಲ, ಗಾಳಿಯಲ್ಲಿರೋ ಕರೆಂಟಿಂದ ಬರೋದು. ಅದಕ್ಕೆ ಒಂದೇ ಉಲ್ಟಾ. ಅದನ್ನ ಒಂದು ಪಿಕಪ್ ತಳ್ಳತ್ತೆ, ಇನ್ನೊಂದು ಎಳೆಯತ್ತೆ. ಹೊಡೆದುಹೋಗತ್ತೆ."

ಬೇರೆ ಬೇರೆ ಕಡೆಯಿಂದ ತಂದ ತಪ್ಪು ಜೋಡಿ. ಅದಕ್ಕೇ ಮೌನ. ಒಂದೇ ಕಡೆ ಜೋಡಿಯಾಗಿ ಕೊಂಡಿದ್ದರೆ ಈ ಮೌನ ಸಿಗುತ್ತಿತ್ತೋ ಇಲ್ಲವೋ.

ಓಮಾಗಾರಿ-ಸಾನ್ ಆಂಪ್ ಆರಿಸಿದರು. ಹೋಗಿ ಟೊಮಾಟೊವನ್ನು ಕೇಸಿಗೆ ಹಾಕಿ ಜಿಪ್ ಎಳೆದರು. ಅದೇ ಉತ್ತರ.

ಕೇಬಲ್ ಸುತ್ತಿದೆ. ಒಂದು ಒಳಗೆ, ಒಂದು ಹೊರಗೆ. ಅವರ ಎದುರಿಗೇ. ಕೈ ತಪ್ಪಲಿಲ್ಲ.

ನವೆಂಬರ್ ೨, ಭಾನುವಾರ, ಮಧ್ಯಾಹ್ನ

ಸ್ಟೇಜಿನ ಹಿಂದೆ, ಡ್ರಮ್ ಪೆಟ್ಟಿಗೆಯ ಮೇಲೆ ಕೂತು. ಹೊರಗೆ ಕೋಳಿ ಕರಿಯುವ ವಾಸನೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ.

ಅಮ್ಮ ರೈಲಿನಲ್ಲಿ ಬಂದಿದ್ದಾಳೆ. ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೊರಗಿನಿಂದ ಏನೂ ಕಾಣುವುದಿಲ್ಲವಲ್ಲ.

"ಇದ್ರಲ್ಲಿ ನೀನು ಮಾಡಿದ್ದು ಎಲ್ಲಿದೆ?"

"ಒಳಗೆ."

"ಎಷ್ಟು?"

"ಎಲ್ಲಾ."

ನನ್ನ ಬೆರಳು ಹಿಡಿದು ಬೊಬ್ಬೆಯ ಕಲೆ ನೋಡಿದಳು. ಅದನ್ನು ಬಿಡಲು ತುಸು ಹೊತ್ತಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದಾಳೆ ಈಗ, ಕೈಚೀಲವನ್ನು ಮಡಿಲಲ್ಲಿ ಒತ್ತಿಕೊಂಡು.

ಈಗಷ್ಟೇ ಓಮಾಗಾರಿ-ಸಾನ್ ಬಂದಿದ್ದರು. ಮೈಕಿನ ಸ್ಟ್ಯಾಂಡ್ ಸರಿಮಾಡುವ ನೆಪ. ಸರಿಯಾಗಿಯೇ ಇತ್ತು ಅದು.

"ಗಡ್ಡ-ಸಾನ್." ಸಾನ್! ತೊಮೊಯೆ ನನ್ನ ಕಾಲು ತುಳಿದಳು. "ನನ್ನ ಗಿಟಾರೂ ಗುಂಯ್ ಅನ್ನತ್ತೆ. ಹಬ್ಬ ಮುಗಿದ್ಮೇಲೆ... ಸ್ವಲ್ಪ ನೋಡ್ತೀರಾ?"

ನೋಡ್ತೀರಾ ಎಂದರು. ನನಗೆ.

"ಬಿಚ್ಚಿ ನೋಡ್ಬೇಕು," ಎಂದೆ.

ನಮ್ಮ ಹೆಸರು ಕರೆದರು. ಹಾಲಿನ ದೀಪ ಆರುತ್ತಿದೆ. ಆಂಪ್ ಆನ್ ಆಗಿದೆ, ಕೆಂಪು ಚುಕ್ಕಿ ಇಲ್ಲಿಗೇ ಕಾಣುತ್ತದೆ. ಸ್ವಿಚ್ ನಡುವೆ. ಮೂರು ಸಲ ಮುಟ್ಟಿ ನೋಡಿದೆ. ಎಲ್ಲರೂ ಸುಮ್ಮನಾದರು. ಅದೂ ಸುಮ್ಮನಿದೆ. ಇನ್ನು ನಾನೇ ಮೊದಲು ನುಡಿಸ—