ಅಮ್ಮನಿಗೆ ಮಾತು ಬಂತು

ಅಣ್ಣಾ,

ಅಮ್ಮ ಪಕ್ಕದಲ್ಲೇ ಇರುವುದರಿಂದ ಫೋನಿನಲ್ಲಿ ಹೇಳಲಾಗದೆ ಈ ಕಾಗದ ಬರೆಯುತ್ತಿದ್ದೇನೆ.

ಲಕ್ವ ಹೊಡೆದು ಮಾತು ಹೋದ ಮೇಲೆ ಅಮ್ಮ ಎಂಟು ತಿಂಗಳು ದಿನಾ ಕನ್ನಡಿ ಮುಂದೆ ಕೂತಳು. 'ಪ' ಅನ್ನುವುದಕ್ಕೇ ಹದಿನೈದು ದಿನ ಹಿಡಿಯಿತು. ಆಮೇಲೆ ವಾರಕ್ಕೊಂದು ಪದ. ಜೊಲ್ಲು ಒರೆಸಿಕೊಂಡು ಮತ್ತೆ ಶುರು ಮಾಡುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ನಿನ್ನೆ ಮೊದಲ ಸಲ ತಡವರಿಸದೆ ಮಾತಾಡಿದಳು: "ನಿಮ್ಮಪ್ಪಂಗೆ ಫೋನ್ ಮಾಡು. ನಾನೇ ಮಾತಾಡ್ತೀನಿ."

ಅಪ್ಪ ನಿನ್ನ ಮನೆಯಲ್ಲಿದ್ದಾರೆಂದೇ ಅವಳು ನಂಬಿದ್ದಾಳೆ. ತೀರಿಕೊಂಡು ಐದು ತಿಂಗಳಾಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಮಲಗಿದ್ದಾರಂತೆ" ಅಂದುಬಿಟ್ಟೆ.

ಭಾನುವಾರ ತಪ್ಪದೆ ಬಾ. ಇಬ್ಬರೂ ಸೇರಿ ಹೇಳೋಣ. ಅಲ್ಲಿಯವರೆಗೆ ಫೋನ್ ಮಾಡಬೇಡ. ರಿಂಗಾದರೆ ಸಾಕು, ಅಮ್ಮ ಗಂಟಲು ಸರಿಮಾಡಿಕೊಂಡು ಎದ್ದು ಕೂರುತ್ತಾಳೆ.

ನಿನ್ನ ತಂಗಿ